ಮಿಂಚಿನ ಚದುರಂಗದಲ್ಲಿ ಅನುಭವಿಗಳ ಏಳಿಗೆ

ಚದುರಂಗವು ಭರತಖಂಡದಲ್ಲಿ ಹುಟ್ಟಿ, ಪಾರಸಿಕರ ಹಾಗೂ ಅರಬರ ನಾಡುಗಳನ್ನು ಹಾದು ಯುರೋಪನ್ನು ಸೇರಿ, ಅಲ್ಲಿ ಇಂದಿನ ರೂಪವನ್ನು ಪಡೆದು ಮರಳಿ ನಮ್ಮ ಮನೆಗಳಿಗೆ ಬಂದ ಆಟ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು ಅರಸರ ವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಒಂದು ಸ್ಥಾನವನ್ನು ಕೊಟ್ಟಿದೆ. ಅಂದು ಅರಮನೆಯ ಬಿಡುವಿನ ವೇಳೆಗೆ ಮೀಸಲಾಗಿದ್ದ ಆ ವಿನೋದವು ಇಂದು ಬಸ್ಸಿಗಾಗಿ ಕಾಯುವವರ ಅಂಗೈಯಲ್ಲಿದೆ. ಮೊಬೈಲಿನ ಪರದೆಯನ್ನು ಮುಟ್ಟಿದರೆ ಸಾಕು, ಜಗತ್ತಿನ ಯಾವುದೋ ಮೂಲೆಯ ಅಪರಿಚಿತನೊಬ್ಬ ಕ್ಷಣಾರ್ಧದಲ್ಲಿ ಎದುರಿಗೆ ಬಂದು ಕೂಡುತ್ತಾನೆ. ಇಬ್ಬರಿಗೂ ಮೂರು ಮೂರು ನಿಮಿಷ. ಅಷ್ಟರಲ್ಲಿ ಸೋಲು ಗೆಲುವು ತೀರ್ಮಾನವಾಗಿಬಿಡುತ್ತದೆ.

ಈ ಆಟವನ್ನು ಹೊಸದಾಗಿ ಕಲಿಯುವವರಿಗೆ ಮಾರ್ಗದರ್ಶನ ಮಾಡುವ ಪುಸ್ತಕಗಳು ಹೇರಳವಾಗಿವೆ. ಆದರೆ ಇಪ್ಪತ್ತು ಮೂವತ್ತು ವರ್ಷ ಮಣೆಯ ಮುಂದೆ ಕುಳಿತು ಪಳಗಿದವರು, ನಾಲ್ಕಾರು ಗ್ರಂಥಗಳನ್ನು ಓದಿ ಜೀರ್ಣಿಸಿಕೊಂಡವರು, ಈ ಮಿಂಚಿನ ಆಟಕ್ಕೆ ಬಂದೊಡನೆ ತಡವರಿಸುವುದನ್ನು ನಾವು ಮೇಲಿಂದ ಮೇಲೆ ಕಂಡಿದ್ದೇವೆ. ಮೊಮ್ಮಗನ ವಯಸ್ಸಿನ ಹುಡುಗರು ಅವರನ್ನು ಸೋಲಿಸುತ್ತಾರೆ. ಸಾವಿರಾರು ಆಟಗಳನ್ನು ಆಡಿದರೂ ಅವರ ಅಂಕ ನಿಂತಲ್ಲೇ ನಿಂತಿರುತ್ತದೆ. ಇದಕ್ಕೆ ಕಾರಣವೇನು? ಇದರಿಂದ ಮೇಲೇಳುವ ದಾರಿ ಯಾವುದು? ಇದರ ವಿಚಾರವನ್ನೇ ಈ ಲೇಖನದಲ್ಲಿ ಮಾಡುತ್ತೇವೆ. ಮನೆಯಲ್ಲಿ ಇಂಥ ಆಟಗಾರರಿರುವ ಕುಟುಂಬದವರೂ ಇದನ್ನು ಓದುವುದು ಒಳಿತು.

ವೇಗದಾಟದ ಸ್ವರೂಪ

ಮೊದಲು ಹೆಸರುಗಳನ್ನು ತಿಳಿದುಕೊಳ್ಳೋಣ. ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಂತೆ ಪ್ರತಿಯೊಬ್ಬ ಆಟಗಾರನಿಗೆ ಹತ್ತು ನಿಮಿಷ ಅಥವಾ ಅದಕ್ಕಿಂತ ಕಡಿಮೆ ಕಾಲ ದೊರೆಯುವ ಆಟ ‘ಬ್ಲಿಟ್ಜ್’. ಹತ್ತಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ ನಿಮಿಷಗಳ ಆಟ ‘ರ‍್ಯಾಪಿಡ್’. ಮೂರು ನಿಮಿಷಕ್ಕೂ ಕಡಿಮೆಯಾದದ್ದನ್ನು ಅಂತರ್ಜಾಲದ ಆಟಗಾರರು ‘ಬುಲೆಟ್’ ಎಂದು ಕರೆಯುತ್ತಾರೆ. ೨೦೧೨ರಿಂದ ಫಿಡೆಯು ಈ ವೇಗದಾಟಗಳಿಗೂ ಪ್ರತ್ಯೇಕ ರೇಟಿಂಗನ್ನು ಕೊಡುತ್ತಿದೆ.

ವೇಗದಾಟದ ಇನ್ನೊಂದು ಅಂಗ ‘ಇನ್‌ಕ್ರಿಮೆಂಟ್’, ಅಂದರೆ ಪ್ರತಿ ನಡೆಗೂ ಗಡಿಯಾರಕ್ಕೆ ಸೇರುವ ಕೆಲವು ಸೆಕೆಂಡುಗಳು. ಅಮೆರಿಕದ ಬಾಬಿ ಫಿಷರ್ ಇಂಥ ಗಡಿಯಾರಕ್ಕೆ ೧೯೮೮ರಲ್ಲಿ ಅರ್ಜಿ ಸಲ್ಲಿಸಿ, ೧೯೮೯ರಲ್ಲಿ ಪೇಟೆಂಟ್ ಪಡೆದರು. ೧೯೯೨ರಲ್ಲಿ ಅವರು ಸ್ಪಾಸ್ಕಿಯವರೊಡನೆ ಆಡಿದ ಪಂದ್ಯದಲ್ಲಿ ಅದು ಬಳಕೆಗೆ ಬಂದಿತು. ಗೆದ್ದೇ ಗೆಲ್ಲಬೇಕಾದ ಆಟವನ್ನು ಬರಿದೇ ಸಮಯ ಮುಗಿದು ಕಳೆದುಕೊಳ್ಳುವ ಅನ್ಯಾಯವನ್ನು ತಗ್ಗಿಸುವುದು ಅದರ ಉದ್ದೇಶ.

ಈಗ ಸ್ವಲ್ಪ ಲೆಕ್ಕವನ್ನು ನೋಡಿರಿ. ಒಂದು ಆಟಕ್ಕೆ ಸರಾಸರಿ ನಲವತ್ತು ನಡೆಗಳೆಂದು ಇಟ್ಟುಕೊಂಡರೆ, ಮೂರು ನಿಮಿಷದ ಬರಿಯ ಆಟದಲ್ಲಿ ಒಂದು ನಡೆಗೆ ದೊರೆಯುವುದು ನಾಲ್ಕೂವರೆ ಸೆಕೆಂಡು. ಮೂರು ನಿಮಿಷದೊಂದಿಗೆ ನಡೆಗೆ ಎರಡು ಸೆಕೆಂಡು ಸೇರುವ ಆಟದಲ್ಲಿ ಒಟ್ಟು ೨೬೦ ಸೆಕೆಂಡು, ಅಂದರೆ ನಡೆಗೆ ಆರೂವರೆ ಸೆಕೆಂಡು. ಈ ಎರಡು ಸೆಕೆಂಡುಗಳ ಅಂತರವು ನೋಡಲು ಅಲ್ಪ. ಆದರೆ ವಯಸ್ಸಾದ ಕೈಬೆರಳುಗಳಿಗೆ ಅದೇ ದೊಡ್ಡ ಆಸರೆ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ ನಡೆಯುವುದೂ ಇದೇ ಕ್ರಮದಲ್ಲಿ. ಆದುದರಿಂದ ಆಟದಲ್ಲಿ ಸುಧಾರಣೆಯನ್ನು ಬಯಸುವವರು ಬರಿಯ ಮೂರು ನಿಮಿಷದ ಆಟವನ್ನೂ ಬುಲೆಟ್ಟನ್ನೂ ಬದಿಗಿಟ್ಟು, ಸೆಕೆಂಡು ಸೇರುವ ಆಟವನ್ನೇ ಆರಿಸಿಕೊಳ್ಳುವುದು ಯುಕ್ತ.

ಅನುಭವಿಯು ನಿಂತಲ್ಲೇ ನಿಲ್ಲುವುದೇಕೆ?

ನಮ್ಮ ಪರಿಚಿತರೊಬ್ಬರು ನಿವೃತ್ತ ಗಣಿತ ಅಧ್ಯಾಪಕರು. ಮೂವತ್ತು ವರ್ಷ ಊರಿನ ಚೆಸ್ ಆಟಗಾರರಲ್ಲಿ ಅಗ್ರಗಣ್ಯರೆನಿಸಿದ್ದವರು. ಮಗನು ಮೊಬೈಲು ತಂದುಕೊಟ್ಟ ಮೇಲೆ ಅವರಿಗೆ ಹಗಲು ರಾತ್ರಿಗಳ ಪರಿವೆ ಉಳಿಯಲಿಲ್ಲ. ಒಂದು ದಿನ ಅವರ ಮನೆಗೆ ಹೋದಾಗ ಅವರ ಶ್ರೀಮತಿಯವರು, “ನೀವಾದ್ರೂ ಇವರಿಗೆ ಒಂದ್ ಮಾತು ಹೇಳ್ರಿ ಶಾಸ್ತ್ರಿಗಳೇ. ಮೂರೇ ನಿಮಿಷ ಅಂತ ಕೂಡತಾರ, ಮೂರು ತಾಸು ಏಳೂದಿಲ್ಲ. ರೊಟ್ಟಿ ಆರಿ ತಣ್ಣಗಾಗಿರತಾವ” ಎಂದರು. ಅಧ್ಯಾಪಕರು ನಗುತ್ತ, “ಆಡಿದಷ್ಟೂ ಕೈ ಕುದುರತದ ಅಂತ ತಿಳಿದಿದ್ದೆ. ಎರಡು ವರ್ಷ ಆತು, ಅಂಕ ಇದ್ದಲ್ಲೇ ಅದ” ಎಂದರು. ನಗೆಯ ಹಿಂದೆ ಅವರ ನೋವು ನಮಗೆ ಕಾಣದಿರಲಿಲ್ಲ. ಜೀವನವಿಡೀ ಒಂದು ವಿದ್ಯೆಯಲ್ಲಿ ಗೌರವ ಗಳಿಸಿದವನಿಗೆ ಅದೇ ವಿದ್ಯೆಯಲ್ಲಿ ದಿನಕ್ಕೆ ಹತ್ತು ಬಾರಿ ಸೋಲುವುದೆಂದರೆ ಸಣ್ಣ ಮಾತಲ್ಲ.

ನಾವಿಬ್ಬರೂ ಕುಳಿತು, ಅವರು ಸೋತ ಕೊನೆಯ ಇಪ್ಪತ್ತು ಆಟಗಳನ್ನು ಒಂದೊಂದಾಗಿ ಪರಿಶೀಲಿಸಿದೆವು. ಒಂಬತ್ತರಲ್ಲಿ ಅವರ ಸಮಯ ಮುಗಿದಿತ್ತು. ಆ ಒಂಬತ್ತರಲ್ಲಿ ಆರು ಆಟಗಳಲ್ಲಿ ಅವರ ಸ್ಥಿತಿಯು ಎದುರಾಳಿಯದಕ್ಕಿಂತ ಮೇಲಾಗಿಯೇ ಇದ್ದಿತು. ಏಳು ಆಟಗಳಲ್ಲಿ ಒಂದೇ ನಡೆಯಲ್ಲಿ ಕುದುರೆಯನ್ನೋ ಒಂಟೆಯನ್ನೋ ಸುಮ್ಮನೆ ಕಳೆದುಕೊಂಡಿದ್ದರು. ನಿಜವಾಗಿ ಚದುರಂಗದ ಜ್ಞಾನ ಸಾಲದೆ ಸೋತ ಆಟಗಳು ನಾಲ್ಕೇ ನಾಲ್ಕು. ಅವರ ರೋಗವು ಅಜ್ಞಾನವಾಗಿರಲಿಲ್ಲ. ತಿಳಿದದ್ದು ಬೇಕಾದ ಕ್ಷಣಕ್ಕೆ ಒದಗಿ ಬರುತ್ತಿರಲಿಲ್ಲ. ಹತ್ತನೆಯ ನಡೆಯಲ್ಲಿ, ಎರಡು ಒಳ್ಳೆಯ ನಡೆಗಳ ಪೈಕಿ ಯಾವುದು ಹೆಚ್ಚು ಒಳ್ಳೆಯದೆಂದು ಮುಕ್ಕಾಲು ನಿಮಿಷ ಯೋಚಿಸುತ್ತಿದ್ದರು. ಮೂವತ್ತೈದನೆಯ ನಡೆಯಲ್ಲಿ ಆ ಮುಕ್ಕಾಲು ನಿಮಿಷಕ್ಕಾಗಿ ಪರದಾಡುತ್ತಿದ್ದರು. ನಿಧಾನದ ಆಟದಲ್ಲಿ ಅವರಿಗೆ ಕೀರ್ತಿ ತಂದಿದ್ದ ಸೂಕ್ಷ್ಮ ವಿವೇಚನೆಯೇ ಇಲ್ಲಿ ಅವರ ಕಾಲಿಗೆ ತೊಡಕಾಗಿತ್ತು.

ಹೆಚ್ಚು ಆಡಿದರೆ ತಾನೇ ಸುಧಾರಿಸುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಪುನರಾವರ್ತನೆಯು ಒಳ್ಳೆಯ ಅಭ್ಯಾಸವನ್ನು ಹೇಗೆ ಗಟ್ಟಿಗೊಳಿಸುವುದೋ ಕೆಟ್ಟ ಅಭ್ಯಾಸವನ್ನೂ ಹಾಗೆಯೇ ಗಟ್ಟಿಗೊಳಿಸುತ್ತದೆ. ಒಂದೇ ತಪ್ಪನ್ನು ಸಾವಿರ ಬಾರಿ ಮಾಡಿದವನು ಆ ತಪ್ಪಿನಲ್ಲಿ ಪ್ರವೀಣನಾಗುತ್ತಾನೆ.

ಅಂಕದ ಮರ್ಮ

ಅಂಕದ ವಿಷಯವಾಗಿ ಒಂದು ಮಾತು ಇಲ್ಲಿ ಅವಶ್ಯ. ಚೆಸ್ ಆಟಗಾರರ ಬಲವನ್ನು ಅಳೆಯುವ ಇಂದಿನ ಪದ್ಧತಿಯನ್ನು ರೂಪಿಸಿದವರು ಹಂಗೇರಿ ಮೂಲದ, ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾದ್ ಇಲೊ. ಫಿಡೆಯು ಅದನ್ನು ೧೯೭೦ರಲ್ಲಿ ಅಂಗೀಕರಿಸಿತು. ಅಂತರ್ಜಾಲದ ತಾಣಗಳು ಬಳಸುವುದೂ ಅದರಿಂದ ಬೆಳೆದ ಲೆಕ್ಕಗಳನ್ನೇ. ಅದರ ಪ್ರಕಾರ ಸಮಬಲರಿಬ್ಬರು ಆಡಿದರೆ ಇಬ್ಬರಿಗೂ ನೂರಕ್ಕೆ ಐವತ್ತರ ನಿರೀಕ್ಷೆ. ನೂರು ಅಂಕ ಮೇಲಿರುವವನು ನೂರು ಆಟಗಳಲ್ಲಿ ಸುಮಾರು ೬೪ ಪಾಲನ್ನೂ, ಇನ್ನೂರು ಅಂಕ ಮೇಲಿರುವವನು ಸುಮಾರು ೭೬ ಪಾಲನ್ನೂ ಗಳಿಸಬೇಕು.

ಇದರಲ್ಲಿ ಎರಡು ಪಾಠಗಳಿವೆ. ತನಗಿಂತ ಇನ್ನೂರು ಅಂಕ ಕೆಳಗಿನವನೂ ನಾಲ್ಕು ಆಟಗಳಲ್ಲಿ ಒಂದರಷ್ಟು ಪಾಲನ್ನು ಕಸಿದುಕೊಳ್ಳುವುದು ಲೆಕ್ಕಕ್ಕೆ ಸಹಜವೇ, ಅದರಿಂದ ಅವಮಾನಪಡಬೇಕಾಗಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಅಂತರ್ಜಾಲದ ವ್ಯವಸ್ಥೆಯು ಪ್ರತಿ ಬಾರಿಯೂ ನಮ್ಮ ಅಂಕಕ್ಕೆ ಸಮನಾದವನನ್ನೇ ಹುಡುಕಿ ತರುತ್ತದೆ. ನಾವು ಎಷ್ಟು ಬೆಳೆದರೂ ಎದುರಾಳಿಯೂ ಅಷ್ಟೇ ಬೆಳೆದವನಾಗಿರುತ್ತಾನೆ. ಆದುದರಿಂದ ಆಟಗಾರನು ಎಷ್ಟೇ ಮೇಲೇರಲಿ, ಅರ್ಧದಷ್ಟು ಆಟಗಳಲ್ಲಿ ಸೋಲುತ್ತಲೇ ಇರುತ್ತಾನೆ. ‘ಇನ್ನೊಂದು ಗೆದ್ದು ಏಳುತ್ತೇನೆ’ ಎಂಬ ಹಂಬಲಕ್ಕೆ ಇಲ್ಲಿ ಕೊನೆಯೇ ಇಲ್ಲ. ಒಂದು ದಿನದ ಏರಿಳಿತವನ್ನು ನೋಡದೆ, ಮೂರು ತಿಂಗಳಿಗೊಮ್ಮೆ ಅಂಕವನ್ನು ಗಮನಿಸುವುದೇ ವಿವೇಕ.

ಕಣ್ಣಿಗೆ ಕಲಿಸುವ ವಿದ್ಯೆ

ನಿಪುಣನಾದ ಆಟಗಾರನು ಅಷ್ಟು ಬೇಗ ನಡೆಯನ್ನು ಕಾಣುವುದು ಹೇಗೆಂಬ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಪರಿಶೀಲಿಸಿದ್ದಾರೆ. ನೆದರ್‌ಲ್ಯಾಂಡಿನ ಆದ್ರಿಯಾನ್ ದೆ ಗ್ರೂಟ್ ೧೯೪೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಶ್ರೇಷ್ಠ ಆಟಗಾರರು ಇತರ ಉತ್ತಮ ಆಟಗಾರರಿಗಿಂತ ಬಹಳ ಹೆಚ್ಚು ನಡೆಗಳನ್ನು ಮುಂದಾಗಿ ಎಣಿಸುವುದಿಲ್ಲವೆಂದೂ, ಒಳ್ಳೆಯ ನಡೆಯು ಅವರ ಕಣ್ಣಿಗೆ ಮೊದಲೇ ಬೀಳುತ್ತದೆಂದೂ ತೋರಿಸಿದರು. ೧೯೭೩ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇನ್ನೊಂದು ಪ್ರಯೋಗವನ್ನು ಮಾಡಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದು ಸೆಕೆಂಡು ಮಾತ್ರ ತೋರಿಸಿ, ಅದನ್ನು ನೆನಪಿನಿಂದ ಮತ್ತೆ ಜೋಡಿಸಲು ಹೇಳಿದರು. ಪರಿಣತನು ಮೊದಲ ನೋಟಕ್ಕೇ ಸುಮಾರು ಹದಿನಾರು ಕಾಯಿಗಳನ್ನು ಸರಿಯಾಗಿ ಇಟ್ಟನು. ಹೊಸಬನು ನಾಲ್ಕನ್ನು ಮಾತ್ರ. ಆದರೆ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಪರಿಣತನ ಆ ಹೆಚ್ಚುಗಾರಿಕೆ ಉಳಿಯಲಿಲ್ಲ. ಅವನ ಸ್ಮರಣಶಕ್ತಿಯು ಹುಟ್ಟಿನಿಂದ ಬಂದ ವಿಶೇಷವಾಗಿರಲಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ನಾವು ಅಕ್ಷರಗಳನ್ನು ಬಿಡಿಬಿಡಿಯಾಗಿ ಕೂಡಿಸದೆ ಪದವನ್ನೇ ಓದುವಂತೆ, ಅವನು ಕಾಯಿಗಳ ಗುಂಪುಗಳನ್ನು ಓದುತ್ತಿದ್ದನು.

ನಮ್ಮ ಪೂರ್ವಿಕರಿಗೂ ಈ ಕಣ್ಣಿನ ಅಭ್ಯಾಸ ಪರಿಚಿತವಾಗಿತ್ತು. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಚದುರಂಗದ ಕುದುರೆಯ ನಡೆಯನ್ನು ಅನುಸರಿಸಿ ಅಕ್ಷರಗಳನ್ನು ಜೋಡಿಸುವ ತುರಗಪದ ಬಂಧವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ, ಒಂದೇ ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಿ ಬರುವ ಸಂಚಾರಗಳನ್ನು ರಚಿಸುವುದರಲ್ಲಿ ಆಸಕ್ತರಾಗಿದ್ದರು. ಹಾಳೆಯ ಮೇಲೆ ಇಂಥ ಸಂಚಾರವನ್ನು ನಾಲ್ಕು ಬಾರಿ ಬಿಡಿಸಿದವನಿಗೆ ಮುಂದೆ ಕುದುರೆಯ ಮನೆಗಳನ್ನು ಎಣಿಸುವ ಅಗತ್ಯ ಬೀಳುವುದಿಲ್ಲ. ವೇಗದಾಟದಲ್ಲಿ ಅತಿ ಹೆಚ್ಚು ಮೋಸಮಾಡುವ ಕಾಯಿ ಕುದುರೆಯೇ ಆದುದರಿಂದ ಈ ವಿನೋದವು ನಿರರ್ಥಕವಲ್ಲ.

ಆದರೆ ನೋಟವೊಂದೇ ಎಲ್ಲವೂ ಅಲ್ಲ. ಕ್ರಿಸ್ಟೋಫರ್ ಚಾಬ್ರಿಸ್ ಮತ್ತು ಎಲಿಯಟ್ ಹರ್ಸ್ಟ್ ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರ್ಯಾಂಡ್‌ಮಾಸ್ಟರುಗಳೂ ನಿಧಾನದ ಆಟಕ್ಕಿಂತ ರ‍್ಯಾಪಿಡ್ ಆಟದಲ್ಲಿ ಹೆಚ್ಚು ತಪ್ಪುಗಳನ್ನೂ, ಹೆಚ್ಚು ದೊಡ್ಡ ತಪ್ಪುಗಳನ್ನೂ ಮಾಡುತ್ತಾರೆಂದು ಕಂಡುಬಂದಿತು. ಅವಸರದಲ್ಲಿ ಎಲ್ಲರೂ ಎಡವುತ್ತಾರೆ. ಅತ್ಯುತ್ತಮ ನಡೆಯನ್ನು ಹುಡುಕುವುದಕ್ಕಿಂತ ದೊಡ್ಡ ತಪ್ಪನ್ನು ತಪ್ಪಿಸುವುದೇ ಇಲ್ಲಿ ಹೆಚ್ಚು ಫಲಕಾರಿ ಎಂಬುದನ್ನು ಅನುಭವಿಯು ಮನಸ್ಸಿಗೆ ಒಪ್ಪಿಸಬೇಕು.

ವೇಗವು ನಿಧಾನದ ಫಲವೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ೧೯೭೦ರ ಏಪ್ರಿಲ್‌ನಲ್ಲಿ ಅಂದಿನ ಯುಗೋಸ್ಲಾವಿಯಾದ ಹರ್ಸೆಗ್ ನೋವಿಯಲ್ಲಿ ಐದು ನಿಮಿಷದ ಆಟಗಳ ಪಂದ್ಯಾವಳಿ ನಡೆಯಿತು. ತಾಲ್, ಪೆಟ್ರೋಸಿಯಾನ್, ಸ್ಮಿಸ್ಲೋವ್ ಈ ಮೂವರು ಮಾಜಿ ವಿಶ್ವ ಚಾಂಪಿಯನ್ನರು ಅದರಲ್ಲಿದ್ದರು. ಫಿಷರ್ ೨೨ ಆಟಗಳಲ್ಲಿ ೧೯ ಅಂಕ ಗಳಿಸಿ ಪ್ರಥಮರಾದರು. ಎರಡನೆಯವರಾದ ತಾಲ್ ಅವರಿಗೆ ದೊರೆತದ್ದು ಹದಿನಾಲ್ಕೂವರೆ. ಫಿಷರ್ ಎಳೆತನದಿಂದ ಚದುರಂಗದ ಗ್ರಂಥಗಳನ್ನೂ ಪತ್ರಿಕೆಗಳನ್ನೂ ಎಡೆಬಿಡದೆ ಅಭ್ಯಸಿಸಿದವರು. ವರ್ಷಗಟ್ಟಲೆ ತುಂಬಿದ ಕಣಜವಿದ್ದುದರಿಂದಲೇ ಕ್ಷಣದಲ್ಲಿ ತೆಗೆದು ಕೊಡಲು ಅವರಿಗೆ ಸಾಧ್ಯವಾಯಿತು.

ಅಭ್ಯಾಸದ ಕ್ರಮ

ಹಾಗಾದರೆ ಪಳಗಿದ ಆಟಗಾರನು ಏನು ಮಾಡಬೇಕು? ನಮಗೆ ಫಲಕಾರಿಯೆಂದು ಕಂಡ ಐದು ಸಾಧನಗಳನ್ನು ಹೇಳುತ್ತೇವೆ.

ಮೊದಲನೆಯದು, ಸುಲಭ ಸಮಸ್ಯೆಗಳ ಪುನರಾವರ್ತನೆ. ಅನುಭವಿಗಳಿಗೆ ಸುಲಭ ಸಮಸ್ಯೆಗಳೆಂದರೆ ತಾತ್ಸಾರ. ಅರ್ಧ ತಾಸು ತಲೆ ಕೆಡಿಸುವ ಸಮಸ್ಯೆಯೇ ಅವರಿಗೆ ಪ್ರಿಯ. ಆದರೆ ವೇಗದಾಟದಲ್ಲಿ ಒದಗುವುದು ಎರಡು ನಡೆಗಳ ಸಣ್ಣ ತಂತ್ರಗಳೇ: ಕುದುರೆಯ ಇಬ್ಬಗೆಯ ದಾಳಿ, ರಾಜನ ಮುಂದೆ ಕಟ್ಟಿಬಿದ್ದ ಕಾಯಿ, ಕೊನೆಯ ಸಾಲಿನಲ್ಲಿ ಆನೆಯ ಮಾತ್. ಸ್ವೀಡನ್ನಿನ ಹಾನ್ಸ್ ಟಿಕ್ಕನೆನ್ ೨೦೧೦ರಲ್ಲಿ ಸುಮಾರು ಒಂದು ಸಾವಿರ ಸಮಸ್ಯೆಗಳ ಒಂದೇ ಸಂಗ್ರಹವನ್ನು ಮತ್ತೆ ಮತ್ತೆ, ಪ್ರತಿ ಸುತ್ತಿಗೂ ಕಾಲವನ್ನು ಕಡಿಮೆ ಮಾಡುತ್ತ ಬಿಡಿಸಿ, ಅದೇ ವರ್ಷ ಗ್ರ್ಯಾಂಡ್‌ಮಾಸ್ಟರ್ ಅರ್ಹತೆಯನ್ನು ಗಳಿಸಿದರು. ಆ ಕ್ರಮವು ೨೦೧೮ರಲ್ಲಿ ಆಕ್ಸೆಲ್ ಸ್ಮಿತ್ ಅವರೊಡಗೂಡಿ ಬರೆದ ಪುಸ್ತಕವಾಗಿ ಹೊರಬಂದಿತು. ಅಷ್ಟು ದೊಡ್ಡ ಸಂಖ್ಯೆ ಗೃಹಸ್ಥರಿಗೆ ಬೇಡ. ಇನ್ನೂರು ಸುಲಭ ಸಮಸ್ಯೆಗಳನ್ನು ಆರಿಸಿಕೊಂಡು, ದಿನಕ್ಕೆ ಕಾಲು ತಾಸಿನಂತೆ ಬಿಡಿಸಿ, ಮುಗಿದೊಡನೆ ಮೊದಲಿನಿಂದ ಆರಂಭಿಸಿರಿ. ಉತ್ತರವು ಯೋಚನೆಗೆ ಮುನ್ನವೇ ಕಣ್ಣಿಗೆ ಹೊಳೆಯುವವರೆಗೆ ಬಿಡಬಾರದು.

ಎರಡನೆಯದು, ಆರಂಭದ ನಡೆಗಳಲ್ಲಿ ಮಿತವ್ಯಯ. ಹತ್ತು ಬಗೆಯ ಆರಂಭಗಳನ್ನು ಅರೆಬರೆ ತಿಳಿದಿರುವುದಕ್ಕಿಂತ ಬಿಳಿಯ ಕಾಯಿಗೆ ಒಂದು, ಕಪ್ಪಿಗೆ ಎರಡು ಆರಂಭಗಳನ್ನು ಪೂರ್ತಿಯಾಗಿ ತಿಳಿದಿರುವುದು ಮೇಲು. ಬಿಳಿಯವರು ಲಂಡನ್ ಪದ್ಧತಿಯನ್ನೂ, ರಾಜನ ಮುಂದಿನ ಕಾಲಾಳನ್ನು ಎದುರಾಳಿಯು ನಡೆಸಿದಾಗ ಕಪ್ಪಿನವರು ಕಾರೊ-ಕಾನ್ ರಕ್ಷಣೆಯನ್ನೂ ಆರಿಸುವುದು ಸಾಮಾನ್ಯ. ಎದುರಾಳಿಯು ಏನೇ ಆಡಿದರೂ ಕಾಯಿಗಳು ಬಹುಮಟ್ಟಿಗೆ ಪರಿಚಿತ ಮನೆಗಳಲ್ಲೇ ನಿಲ್ಲುವುದು ಇವುಗಳ ಗುಣ. ಮೊದಲ ಹತ್ತು ನಡೆಗಳಲ್ಲಿ ಉಳಿಸಿದ ಸಮಯವೇ ಕೊನೆಯಲ್ಲಿ ಒದಗುವ ಗಂಟು.

ಮೂರನೆಯದು, ಅಂತ್ಯದ ಆಟದ ಕೈಪಾಠ. ರಾಜ ಮತ್ತು ಒಂದು ಕಾಲಾಳಿನ ಆಟ, ಆನೆ ಕಾಲಾಳುಗಳ ಆಟದಲ್ಲಿ ಗೆಲ್ಲುವ ಲುಸೇನಾ ಸ್ಥಿತಿ, ಡ್ರಾ ಮಾಡಿಕೊಳ್ಳುವ ಫಿಲಿಡಾರ್ ಸ್ಥಿತಿ ಇವು ಪುಸ್ತಕದಿಂದ ತಿಳಿದಿದ್ದರೆ ಸಾಲದು. ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಇಟ್ಟುಕೊಂಡು ಗಣಕಯಂತ್ರದ ಎದುರು ಆಡಿ ಗೆಲ್ಲಬಲ್ಲಷ್ಟು ಕೈಗತವಾಗಿರಬೇಕು. ಒಂದು ನಿಯಮವನ್ನೂ ನೆನಪಿಡಿರಿ: ನಮ್ಮ ಸಮಯ ಮುಗಿದಾಗ ಎದುರಾಳಿಯ ಬಳಿ ಒಂಟಿ ರಾಜನೊಬ್ಬನೇ ಉಳಿದಿದ್ದರೆ ಆಟವು ಡ್ರಾ ಆಗುತ್ತದೆ. ಆದುದರಿಂದ ಸಮಯ ತೀರುತ್ತಿರುವಾಗ ಅವನ ಕೊನೆಯ ಕಾಲಾಳನ್ನು ಹೊಡೆಯುವುದು ಅರ್ಧ ಅಂಕವನ್ನು ಉಳಿಸುತ್ತದೆ.

ನಾಲ್ಕನೆಯದು, ಗಡಿಯಾರದ ಆಯವ್ಯಯ. ಮೂರು ನಿಮಿಷಕ್ಕೆ ಎರಡು ಸೆಕೆಂಡು ಸೇರುವ ಆಟವನ್ನೇ ತೆಗೆದುಕೊಳ್ಳಿರಿ. ಮೊದಲ ಹತ್ತು ನಡೆಗಳನ್ನು ಮೂವತ್ತು ಸೆಕೆಂಡಿನಲ್ಲಿ ಮುಗಿಸಿದರೆ ಗಡಿಯಾರದಲ್ಲಿ ೧೭೦ ಸೆಕೆಂಡು ಉಳಿದಿರುತ್ತದೆ. ಮುಂದಿನ ಇಪ್ಪತ್ತು ನಡೆಗಳಿಗೆ ತಲಾ ಏಳು ಸೆಕೆಂಡು ವೆಚ್ಚಮಾಡಿದರೂ ಮೂವತ್ತನೆಯ ನಡೆಯ ಹೊತ್ತಿಗೆ ೭೦ ಸೆಕೆಂಡು ಕೈಯಲ್ಲಿರುತ್ತದೆ. ಇಡೀ ಆಟದಲ್ಲಿ ಒಂದೆರಡು ಬಾರಿ ಮಾತ್ರ ಹದಿನೈದು ಇಪ್ಪತ್ತು ಸೆಕೆಂಡಿನ ದೀರ್ಘ ಚಿಂತನೆಗೆ ಅವಕಾಶವುಂಟು. ಮಂತ್ರಿಗಳನ್ನು ಬದಲಾಯಿಸಿಕೊಳ್ಳುವ ಪ್ರಸಂಗಕ್ಕೋ, ರಾಜನ ಮೇಲೆ ಕಾಯಿಯನ್ನು ಬಲಿಕೊಡುವ ಪ್ರಸಂಗಕ್ಕೋ ಅದನ್ನು ಮೀಸಲಿಡಬೇಕು. ಉಳಿದೆಡೆಗಳಲ್ಲಿ ಸಾಕಷ್ಟು ಒಳ್ಳೆಯದಾದ ಮೊದಲ ನಡೆಯನ್ನು ಆಡಿ ಮುಂದೆ ಸಾಗಬೇಕು. ಆದರೆ ಬೆರಳನ್ನು ಇಡುವ ಮುನ್ನ ಒಂದು ಪ್ರಶ್ನೆಯನ್ನು ಬಿಡಬಾರದು: ‘ಎದುರಾಳಿಯು ಈಗ ಆಡಿದ ನಡೆಯಿಂದ ಏನು ಬದಲಾಯಿತು?’ ಈ ಪ್ರಶ್ನೆಗೆ ತಗಲುವುದು ಒಂದು ಸೆಕೆಂಡು. ಸುಮ್ಮನೆ ಕಾಯಿ ಕಳೆದುಕೊಳ್ಳುವ ಪ್ರಸಂಗಗಳಲ್ಲಿ ಬಹುಪಾಲನ್ನು ಅದು ತಡೆಯುತ್ತದೆ.

ಐದನೆಯದು, ಸೋತ ಆಟದ ಪರಿಶೀಲನೆ. ಅಂತರ್ಜಾಲದಲ್ಲಿ ಆಡಿದ ಪ್ರತಿ ಆಟವೂ ದಾಖಲಾಗಿರುತ್ತದೆ. ಸ್ಟಾಕ್‌ಫಿಶ್ ಎಂಬ ಬಲಶಾಲಿಯಾದ ವಿಶ್ಲೇಷಕವೂ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಆದರೆ ಸೋತೊಡನೆ ಯಂತ್ರವನ್ನು ಕೇಳಬೇಡಿರಿ. ಮೊದಲು ತಾವೇ ಆಟವನ್ನು ಹಿಂದಕ್ಕೆ ಸಾಗಿಸಿ, ಎಲ್ಲಿ ಕೆಟ್ಟಿತೆಂದು ಗುರುತಿಸಿ, ಅನಂತರ ಯಂತ್ರದ ಮಾತನ್ನು ನೋಡಿರಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಮುಗಳನ್ನು ಎಳೆದುಕೊಳ್ಳಿರಿ: ‘ಕಾಣಲಿಲ್ಲ’, ‘ತಿಳಿದಿರಲಿಲ್ಲ’, ‘ಸಮಯ ಸಾಲಲಿಲ್ಲ’. ಪ್ರತಿ ಸೋಲಿಗೂ ಒಂದು ಕಲಮಿನಲ್ಲಿ ಗೆರೆ ಹಾಕುತ್ತ ಹೋದರೆ ತಿಂಗಳೊಳಗೆ ತಮ್ಮ ನಿಜವಾದ ದೌರ್ಬಲ್ಯವು ತಮಗೇ ತಿಳಿಯುತ್ತದೆ. ಮೊದಲ ಕಲಮು ತುಂಬಿದವರಿಗೆ ಸುಲಭ ಸಮಸ್ಯೆಗಳು, ಎರಡನೆಯದು ತುಂಬಿದವರಿಗೆ ಪುಸ್ತಕ, ಮೂರನೆಯದು ತುಂಬಿದವರಿಗೆ ಗಡಿಯಾರದ ಶಿಸ್ತು ಔಷಧ.

ಇವೆಲ್ಲವುಗಳ ಜೊತೆಗೆ ವಾರಕ್ಕೊಮ್ಮೆಯಾದರೂ ಹದಿನೈದು ನಿಮಿಷ ಅಥವಾ ಹೆಚ್ಚಿನ ಕಾಲದ ಒಂದು ನಿಧಾನದ ಆಟವನ್ನು ಆಡುವುದು ಅವಶ್ಯ. ಬಾವಿಗೆ ಊಟೆ ಇರದಿದ್ದರೆ ಸೇದುವ ಹಗ್ಗ ಎಷ್ಟು ಗಟ್ಟಿಯಾಗಿದ್ದರೇನು?

ವಯಸ್ಸಿನ ಮಾತು

‘ಇದೆಲ್ಲ ಎಳೆಯರ ಆಟ, ನಮಗೆಲ್ಲಿಯದು’ ಎನ್ನುವವರುಂಟು. ಬೆರಳಿನ ಚುರುಕಿನಲ್ಲಿ ಎಳೆಯರು ಮುಂದೆಂಬುದು ನಿಜ. ಆದರೆ ವಿಶ್ವನಾಥನ್ ಆನಂದ್ ಅವರ ದೃಷ್ಟಾಂತವನ್ನು ನೋಡಿರಿ. ೧೯೬೯ರಲ್ಲಿ ಜನಿಸಿ, ೧೯೮೮ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಅವರು ಎಳವೆಯಲ್ಲಿ ಮಿಂಚಿನ ಬಾಲಕನೆಂದೇ ಖ್ಯಾತರಾಗಿದ್ದರು. ೨೦೧೩ರಲ್ಲಿ ಚೆನ್ನೈಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಅವರಿಗೆ ವಿಶ್ವ ಕಿರೀಟವನ್ನು ಬಿಟ್ಟುಕೊಟ್ಟ ಮೇಲೆ ಅವರ ಕಾಲ ಮುಗಿಯಿತೆಂದು ಹೇಳಿದವರು ಅನೇಕರು. ೨೦೧೭ರ ಡಿಸೆಂಬರಿನ ಆರಂಭದಲ್ಲಿ ಲಂಡನ್ನಿನ ಪಂದ್ಯಾವಳಿಯಲ್ಲಿ ಅವರು ಕೊನೆಯ ಸಾಲಿನಲ್ಲಿ ನಿಂತಿದ್ದರು. ಅದೇ ತಿಂಗಳ ಕೊನೆಯಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್‌ಷಿಪ್ ನಡೆಯಿತು. ಹದಿನೈದು ಸುತ್ತುಗಳಲ್ಲಿ ಆರು ಗೆಲುವು, ಒಂಬತ್ತು ಡ್ರಾ, ಒಂದೂ ಸೋಲಿಲ್ಲ. ಕಾರ್ಲ್‌ಸನ್ ಅವರನ್ನೂ ಸೋಲಿಸಿದರು. ಹತ್ತೂವರೆ ಅಂಕಗಳೊಂದಿಗೆ ಮೂವರು ಸಮನಾಗಲು, ವ್ಲಾದಿಮಿರ್ ಫೆದೊಸೀವ್ ಅವರನ್ನು ಬ್ಲಿಟ್ಜ್ ಆಟಗಳಲ್ಲಿ ೨-೦ ಅಂತರದಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದರ ಬೆನ್ನಿಗೇ ನಡೆದ ವಿಶ್ವ ಬ್ಲಿಟ್ಜ್‌ನಲ್ಲಿ ಮೂರನೆಯ ಸ್ಥಾನವನ್ನೂ ಪಡೆದರು. ಆಗ ಅವರ ವಯಸ್ಸು ೪೮.

ಕೊನೇರು ಹಂಪಿಯವರು ೨೦೧೯ರಲ್ಲಿ ಮಾಸ್ಕೋದಲ್ಲಿ ಮಹಿಳೆಯರ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ತಾಯಿಯಾದ ಕಾರಣ ಕೆಲಕಾಲ ಆಟದಿಂದ ದೂರವಿದ್ದು ಮರಳಿದ ಮೇಲೆ ಅವರಿಗೆ ದೊರೆತ ಪದವಿ ಅದು. ೨೦೨೪ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ, ತಮ್ಮ ೩೭ನೆಯ ವಯಸ್ಸಿನಲ್ಲಿ, ಅದನ್ನು ಎರಡನೆಯ ಬಾರಿ ಗೆದ್ದರು. ನಮ್ಮ ನಾಡಿನವರೇ ಆದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿದ್ದು ೨೦೧೭ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ಇವರೆಲ್ಲರೂ ಅಸಾಧಾರಣ ಪ್ರತಿಭೆಯವರು. ಅವರಂತೆ ನಾವಾಗುತ್ತೇವೆಂದು ಹೇಳಲು ಈ ದೃಷ್ಟಾಂತಗಳನ್ನು ಕೊಟ್ಟಿಲ್ಲ. ಶಿಸ್ತಿನಿಂದ ಕಾಪಾಡಿಕೊಂಡ ವಿದ್ಯೆಯು ವಯಸ್ಸಿನೊಂದಿಗೆ ಒಮ್ಮೆಲೇ ಅಳಿದುಹೋಗುವುದಿಲ್ಲ ಎಂಬಷ್ಟೇ ನಮ್ಮ ಅಭಿಪ್ರಾಯ.

ನಿಲ್ಲಿಸುವ ವಿದ್ಯೆ

ಇಷ್ಟೆಲ್ಲ ಸಾಧನಗಳಿಗಿಂತ ಕಠಿಣವಾದದ್ದು ಆಟವನ್ನು ನಿಲ್ಲಿಸುವುದು. ಸೋತವನ ಕೋಪವು ಮುಂದಿನ ಆಟದ ಮೊದಲ ನಡೆಯಲ್ಲೇ ಕುಳಿತಿರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಒಂದರ ಹಿಂದೊಂದು ಮೂರು ಸೋತರೆ ಆ ದಿನಕ್ಕೆ ಮೊಬೈಲನ್ನು ಕೆಳಗಿಡಬೇಕು. ಗೆಲ್ಲುತ್ತಿದ್ದರೂ ದಿನಕ್ಕೆ ಎಂಟು ಹತ್ತು ಆಟಗಳಿಗೆ ಮೀರಬಾರದು. ರಾತ್ರಿ ಮಲಗುವ ಮುನ್ನದ ಒಂದು ತಾಸಿನಲ್ಲಿ ಆಡಲೇಬಾರದು; ಆ ಹೊತ್ತಿನ ಉದ್ವೇಗವು ಹಾಸಿಗೆಗೂ ಹಿಂಬಾಲಿಸುತ್ತದೆ. ಮನೆಯವರು ಊಟಕ್ಕೆ ಕರೆದಾಗ ನಡೆಯುತ್ತಿರುವ ಆಟವನ್ನು ಮುಗಿಸಿ ಏಳುವುದು ಸರಿ. ಹೊಸದನ್ನು ಆರಂಭಿಸುವುದು ಮನೆಯವರಿಗೆ ತೋರುವ ಅಗೌರವ.

ಎದುರಾಳಿಯು ಕಣ್ಣಿಗೆ ಕಾಣದವನೆಂದು ಅವನೊಡನೆ ಹೇಗೆ ಬೇಕಾದರೂ ವರ್ತಿಸಬಹುದೆಂದು ಭಾವಿಸಬಾರದು. ಪಕ್ಕದಲ್ಲಿ ಯಂತ್ರವನ್ನಿಟ್ಟುಕೊಂಡು ಅದರ ನಡೆಯನ್ನು ತನ್ನದೆಂದು ಆಡುವುದು ಕಳ್ಳತನವೇ ಸರಿ. ಅದರಿಂದ ಏರಿದ ಅಂಕವು ಆಡಿದವನ ಬಲವನ್ನು ತೋರಿಸುವುದಿಲ್ಲ. ಸೋಲು ಖಚಿತವಾದಾಗ ಗಡಿಯಾರವನ್ನು ಸುಮ್ಮನೆ ಓಡಿಸುತ್ತ ಎದುರಾಳಿಯನ್ನು ಕಾಯಿಸುವುದೂ ಸಭ್ಯತೆಯಲ್ಲ. ಮನೆಯ ಮಕ್ಕಳು ಹಿರಿಯರನ್ನು ನೋಡಿಯೇ ಇವನ್ನು ಕಲಿಯುತ್ತಾರೆ.

ನಾವು ಮೇಲೆ ಹೇಳಿದ ಅಧ್ಯಾಪಕರು ಈ ಕ್ರಮವನ್ನು ಹಿಡಿದು ಐದು ತಿಂಗಳಾಗಿತ್ತು. ಬೆಳಿಗ್ಗೆ ಕಾಲು ತಾಸು ಸಮಸ್ಯೆಗಳು, ಸಂಜೆ ಆರು ಆಟಗಳು, ಅನಂತರ ಸೋತವುಗಳ ಪರಿಶೀಲನೆ. ಅವರ ಅಂಕವು ನೂರರಷ್ಟು ಏರಿತ್ತು. ‘ಸಮಯ ಸಾಲಲಿಲ್ಲ’ ಎಂಬ ಕಲಮಿನ ಗೆರೆಗಳು ಅರ್ಧಕ್ಕಿಂತ ಕಡಿಮೆಯಾಗಿದ್ದವು. ಅವರು ಆಡುತ್ತಿದ್ದ ಆಟಗಳ ಸಂಖ್ಯೆ ಮೊದಲಿನ ಐದನೆಯ ಒಂದು ಪಾಲಿಗೆ ಇಳಿದಿತ್ತು. ಕಡಿಮೆ ಆಡಿ ಹೆಚ್ಚು ಬೆಳೆದರು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಅನುಭವಿಗಳಾದ ಆಟಗಾರರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ತಮ್ಮಲ್ಲಿ ವಿದ್ಯೆಯ ಕೊರತೆಯಿಲ್ಲ. ಅದನ್ನು ಕಣ್ಣಿಗೂ ಕೈಗೂ ಇಳಿಸುವ ಕೆಲಸ ಬಾಕಿಯಿದೆ. ಆ ಕೆಲಸ ನಡೆಯುವುದು ಮೂರು ನಿಮಿಷದ ಆಟದ ಹೊರಗೆ. ಮೊದಲು ಕಳೆದ ಇಪ್ಪತ್ತು ಸೋಲುಗಳನ್ನು ಮುಂದಿಟ್ಟುಕೊಂಡು ಕೂಡಿರಿ. ಮೂರು ಕಲಮುಗಳಲ್ಲಿ ಯಾವುದು ತುಂಬುವುದೋ ಅಲ್ಲಿಂದ ಅಭ್ಯಾಸವನ್ನು ಆರಂಭಿಸಿರಿ. ಕುಟುಂಬದವರೂ ‘ಆಡಬೇಡಿ’ ಎಂದು ಗದರಿಸುವುದನ್ನು ಬಿಟ್ಟು, ‘ಇಂದಿನ ಸೋಲು ಯಾವ ಕಲಮಿಗೆ ಸೇರಿತು?’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರ ಕೊಡಲು ಕುಳಿತವನು ಇನ್ನೊಂದು ಆಟಕ್ಕೆ ಅಷ್ಟು ಸುಲಭವಾಗಿ ಬೆರಳಿಡಲಾರನು.